ಮಾಳಿಗೆಯ ಮೇಲಿನ ಧೂಪ

ಬಸವೇಶ್ವರನಗರದಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಮಾಡುವ ಆಸ್ಪತ್ರೆಯೊಂದಿದೆ. ಅದರ ಎರಡನೇ ಮಹಡಿಯ ನೆಲ ಒರೆಸುವ ಕೆಲಸ ಕಲಾವತಿಯದು. ನೆಲ ಒರೆಸುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ಮಾತು ತಿಳಿಯಬೇಕು: ಕಲಾವತಿ ಸಿಗುವ ಮೊದಲು ಆ ಕೆಲಸಕ್ಕೆ ಹನ್ನೊಂದು ಮಂದಿ ಬಂದು ವಾಪಸು ಹೋಗಿದ್ದರು. ಒಬ್ಬಳು ಮಲ್ಲಿಗೆ ಮುಡಿದು ಬಂದಳು. ಒಬ್ಬಳು ಪೌಡರು ಬಳಿದುಕೊಂಡು ಬಂದಳು. ಇನ್ನೊಬ್ಬಳ ತಲೆಯೆಣ್ಣೆಯ ಘಮ ಲಿಫ್ಟಿನೊಳಗೆ ಅರ್ಧ ಗಂಟೆ ಹೋಗದೆ ನಿಂತಿತ್ತಂತೆ.

ಆ ಮಹಡಿಯಲ್ಲಿ ಲ್ಯಾಬು ಇದೆ. ತಾಯಿಯ ಹೊಟ್ಟೆ ಸೇರುವ ಮುಂಚಿನ ಭ್ರೂಣಗಳನ್ನು, ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣವನ್ನು, ಅಲ್ಲಿ ಐದು ದಿನ ಕಾವಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ಅವಕ್ಕೆ ವಾಸನೆ ಆಗಿಬರುವುದಿಲ್ಲ. ಹೂವು, ಅತ್ತರು, ಊದುಬತ್ತಿ, ಫಿನಾಯಿಲು, ಯಾವುದೂ ಕೂಡದು. ಹೀಗಾಗಿ ಲ್ಯಾಬು ನೋಡಿಕೊಳ್ಳುವ ಮಾಲವಿಕಾ ಮೇಡಂ ಕೆಲಸ ಕೇಳಿಕೊಂಡು ಬಂದವರನ್ನು ಮೊದಲು ಮೂಗಿನಿಂದಲೇ ಪರೀಕ್ಷೆ ಮಾಡುತ್ತಿದ್ದರು.

"ಏನೂ ಹಚ್ಕೊಳಲ್ವಾ ಅಮ್ಮ ನೀವು?"

"ಏನ್ ಹಚ್ಕೊಳ್ಳೋದ್ರೀ ಮೇಡಮ್ಮಾರ? ಇಪ್ಪತ್ತೆರಡು ವರ್ಷ ಒಲಿ ಮುಂದ ಕುಂತಾಕಿ ನಾನು. ಆ ಹೊಗಿ ವಾಸನಿ ಮೈಯಿಂದ ಹೋಗಾಕನ ಎರಡು ವರ್ಷ ಹಿಡೀತು. ಈಗ ಹೊಸಾದು ಹಚ್ಕೊಂಡು ಯಾರಿಗೆ ತೋರಿಸ್ಲಿ?"

ಮೇಡಂ ನಕ್ಕುಬಿಟ್ಟರು. ಮಾರನೇ ದಿನದಿಂದ ಬರಲು ಹೇಳಿದರು.

ಆ ಒಲೆ ಉರಿದದ್ದು ರಾಜಾಜಿನಗರದಲ್ಲಿ. ಕೊಟ್ಟೂರು ಸೀಮೆಯಿಂದ ಗಂಡ ಕೊಟ್ರಪ್ಪನ ಹಿಂದೆ ಒಂದು ಟ್ರಂಕು, ಒಂದು ಹಂಚು ಹೊತ್ತು ಬಂದ ಕಲಾವತಿ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಅವನ ಜೊತೆ ಖಾನಾವಳಿ ಹಾಕಿದಳು. ಅವಳು ಒಳಗೆ ರೊಟ್ಟಿ ಬಡಿಯುವುದು, ಅವನು ಹೊರಗೆ ಬಡಿಸುವುದು. ಉಂಡವರ ಮುಖವನ್ನು ಅವಳು ನೋಡಿದ್ದು ಕಡಿಮೆ. ಅವಳ ಮುಂದೆ ಬರುತ್ತಿದ್ದುದು ಅವರ ತಾಟುಗಳು. ತೊಳೆಯಲು ಕೂತಾಗ ಒಂದೊಂದು ತಾಟೂ ಅವಳಿಗೆ ಒಂದೊಂದು ಸುದ್ದಿ ಹೇಳುತ್ತಿತ್ತು. ಪಲ್ಯ ಮುಟ್ಟದೆ ಬರೀ ಮಜ್ಜಿಗೆ ಅನ್ನ ಉಂಡವನಿಗೆ ಜ್ವರ ಬರುವುದಿದೆ. ರೊಟ್ಟಿಯ ಅಂಚು ಮುರಿದು ಮುರಿದು ಗುಡ್ಡೆ ಹಾಕಿದವನಿಗೆ ಊರಿನಿಂದ ಕೆಟ್ಟ ಫೋನು ಬಂದಿದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಗಬಗಬನೆ ಎಂಟು ರೊಟ್ಟಿ ತಿಂದರೆ ಕೊಟ್ರಪ್ಪ ಖುಷಿಪಡುತ್ತಿದ್ದ. ಕಲಾವತಿ ಮಾತ್ರ, "ಇವನು ನಿಲ್ಲಂಗಿಲ್ಲ ತಗೀರಿ, ಮನಸು ಕೆಟ್ಟೈತಿ, ಹೊಟ್ಟಿ ತುಂಬ್ಕೊಂಡು ಸಮಾಧಾನ ಹುಡುಕಾಕತ್ಯಾನ" ಎನ್ನುತ್ತಿದ್ದಳು. ವಾರದೊಳಗೆ ಅವನು ಊರಿನ ಬಸ್ಸು ಹತ್ತಿರುತ್ತಿದ್ದ. ಮೂರು ರೊಟ್ಟಿಯನ್ನು ಸಾವಕಾಶ ಉಂಡು, ತಾಟು ಚೊಕ್ಕಟ ಮಾಡಿ ಏಳುವವರೇ ವರ್ಷಗಟ್ಟಲೆ ಉಳಿದವರು.

ಕೊಟ್ರಪ್ಪ ತೀರಿಕೊಂಡ ಮೇಲೆ ಖಾನಾವಳಿ ನಡೆಯಲಿಲ್ಲ. ಮಗಳು ಲಕ್ಷ್ಮಿಯನ್ನು ಆಗಲೇ ಕೆಂಗೇರಿಗೆ ಕೊಟ್ಟಾಗಿತ್ತು. "ನಮ್ಮನೇಲೇ ಇರವ್ವ" ಎಂದು ಮಗಳು ಕರೆದಳು. ಕೈಕಾಲು ಆಡುವ ತನಕ ಅಳಿಯನ ಮನೆ ಸೋಫಾ ಸವೆಸುವುದು ಬೇಡವೆಂದು ಕಲಾವತಿ ನಂದಿನಿ ಲೇಔಟಿನಲ್ಲೊಂದು ಕೋಣೆ ಹಿಡಿದು, ಎರಡು ವರ್ಷ ಅಲ್ಲಿ ಇಲ್ಲಿ ದುಡಿದು, ಈ ಕೆಲಸ ಹುಡುಕಿಕೊಂಡಳು.

ಕೆಲಸಕ್ಕೆ ಸೇರಿ ಒಂದು ವರ್ಷವಾಗಿರಬೇಕು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದಳು. ಪಕ್ಕದಲ್ಲಿ ಮೇಡಂ ಬಂದು ಕೂತು ಶೇಂಗಾ ಚಟ್ನಿಗೆ ಕೈ ಹಾಕಿದರು. ಆ ದಿನ ಅವರ ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಟ್ಯೂಬು ಇತ್ತು. ತಳದಲ್ಲಿ ಒಂದೇ ಒಂದು ಹನಿ.

"ಅದೇನ್ರೀ ಅದು?"

"ಭ್ರೂಣ ಕೂತಿದ್ದ ನೀರು ಅಮ್ಮ. ಊಟದ ನೀರು ಅಂದ್ಕೊಳ್ಳಿ. ಸಕ್ಕರೆ, ಸತ್ವ ಎಲ್ಲ ಇರುತ್ತೆ ಇದ್ರಲ್ಲಿ. ಅದಕ್ಕೆ ಬೇಕಾದ್ದು ಅದು ತಗೊಳುತ್ತೆ, ಬೇಡದ್ದು ಹೊರಗೆ ಬಿಡುತ್ತೆ. ಮೊದಲೆಲ್ಲ ಈ ನೀರನ್ನ ಚೆಲ್ತಿದ್ವಿ. ಈಗ ಒಂದು ಕಾಲೇಜಿನವರ ಜೊತೆ ಸೇರಿ ಪರೀಕ್ಷೆ ಮಾಡ್ತಾ ಇದೀವಿ. ಎಷ್ಟು ತಿಂತು, ಏನು ಉಳಿಸ್ತು, ಏನು ಬಿಡ್ತು ಅಂತ. ಮೈಕ್ರೋಸ್ಕೋಪಲ್ಲಿ ಎರಡು ಭ್ರೂಣ ಅವಳಿಜವಳಿ ಥರ ಕಾಣ್ತವೆ. ಯಾವುದು ಗಟ್ಟಿ ಅಂತ ಕಣ್ಣಿಗೆ ಗೊತ್ತಾಗಲ್ಲ. ಈ ನೀರು ಏನಾದ್ರೂ ಹೇಳುತ್ತಾ ಅಂತ ನೋಡೋದು."

ಕಲಾವತಿ ತುತ್ತನ್ನು ಬಾಯಿಗೆ ಹಾಕದೆ ಹಾಗೇ ಹಿಡಿದು ಕೂತಳು.

"ಅಂದ್ರ ತಾಟು ನೋಡ್ತೀರಿ."

"ಏನು?"

"ಉಂಡವರ ತಾಟು ನೋಡಿ ಅವರ ಆರೋಗ್ಯ ಹೇಳ್ತೀರಿ. ಇದನ್ನ ಕಲಿಯಾಕ ಏಟು ಓದೀರಿ ಮೇಡಮ್ಮಾರ?"

"ಒಂಬತ್ತು ವರ್ಷ."

"ಅಯ್ಯ, ನನ್ನ ಕೇಳಿದ್ರ ಹೇಳತಿದ್ನೆಲ್ಲಾ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಕಲಾವತಿಗೆ ಲ್ಯಾಬಿನೊಳಗೆ ನಡೆಯುವುದೆಲ್ಲ ತನ್ನ ಮನೆಯ ಕೆಲಸವೇ ಅನ್ನಿಸತೊಡಗಿತು. ಓದಿದವರೊಬ್ಬರು ತನ್ನ ಪಕ್ಕ ಮೆಟ್ಟಿಲ ಮೇಲೆ ಕೂತು ಇಷ್ಟು ಬಿಡಿಸಿ ಹೇಳಿದರಲ್ಲ, ಆ ಋಣ ಹೇಗೆ ತೀರಿಸುವುದು ಎಂದು ಮನಸ್ಸು ತುಂಬಿ ಬರುತ್ತಿತ್ತು.

ಆ ವರ್ಷದ ದಸರೆಗೆ ಮುಂಚೆ ಸ್ಪಂದನ ಮೂರನೇ ಸಲ ಬಂದಳು. ನಾಯಂಡಹಳ್ಳಿಯವಳು, ಮೂವತ್ತೈದರ ಹೆಣ್ಣು. ಗಂಡ ಜೀವನ್ ಅಲ್ಲೇ ಲೇಥ್ ವರ್ಕ್‌ಶಾಪ್ ಇಟ್ಟುಕೊಂಡವನು. ಹಿಂದೆ ಎರಡು ಸಲ ಭ್ರೂಣ ಇಟ್ಟರೂ ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರು, ಅಂಡಗಳು ಮುಗಿಯುತ್ತ ಬಂದಿವೆ, ಇದೇ ಕೊನೆಯದು ಎಂದುಕೊಳ್ಳಿ ಎಂದಿದ್ದರು. ಕಾಯುವವರ ಸಾಲಿನಲ್ಲಿ ಕೂತರೆ ಎದೆ ಹೊಡೆದುಕೊಳ್ಳುತ್ತದೆಂದು ಅವಳು ಎರಡನೇ ಮಹಡಿಯ ಮೆಟ್ಟಿಲಿಗೆ ಬಂದು ಕಲಾವತಿಯ ಹತ್ತಿರ ಮಾತಾಡುತ್ತಿದ್ದಳು. ಈ ಸಲ ನಾಲ್ಕು ಭ್ರೂಣಗಳಾಗಿ, ಮಾರನೇ ದಿನಕ್ಕೆ ಎರಡು ಬೆಳೆಯದೆ ಹೋಗಿ, ಎರಡು ಉಳಿದವು.

"ಆಂಟಿ, ನಮ್ ಎರಡೂ ಹೇಗಿವೆ? ನೀವು ನೋಡಿದ್ರಾ?"

"ನನಗ ಒಳಗ ಬಿಡಂಗಿಲ್ಲವ್ವ. ಆದ್ರ ಬಾಗಿಲ ಮುಂದ ಬಕೀಟು ಸಪ್ಪಳ ಮಾಡದಂಗ ಒರಸ್ತೀನಿ. ನಿದ್ದಿ ಕೆಡಬಾರದಲ್ಲ."

ಮೂರನೇ ದಿನ ಆಯುಧಪೂಜೆ ಬಂತು.

ಕೆಳಗೆ ಸಡಗರವೋ ಸಡಗರ. ಗೇಟಿನ ಮುನಿಯಪ್ಪ ಬೆಳಗ್ಗೆಯೇ ಆಂಬುಲೆನ್ಸು, ಜನರೇಟರು, ಸ್ಕ್ಯಾನಿಂಗ್ ಮಿಷನ್ನು, ಕೊನೆಗೆ ರಿಸೆಪ್ಷನ್ನಿನ ಕಂಪ್ಯೂಟರಿಗೂ ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದಿದ್ದ. ಎರಡನೇ ಮಹಡಿಗೆ ಮಾತ್ರ ಏನೂ ಇಲ್ಲ. ಕಲಾವತಿಗೆ ಅದು ಸರಿಕಾಣಲಿಲ್ಲ. ಖಾನಾವಳಿಯಲ್ಲಿ ಅವಳು ಲಟ್ಟಣಿಗೆಯಿಂದ ಹಿಡಿದು ಒಲೆ ಊದುವ ಕೊಳವೆಯ ತನಕ ಪೂಜೆ ಮಾಡಿದವಳು. ವರ್ಷವಿಡೀ ದುಡಿಯುವ ವಸ್ತುವಿಗೆ ಒಂದು ದಿನ ಕೈ ಮುಗಿಯದಿದ್ದರೆ ಉಂಡ ಮನೆಗೆ ಎರಡು ಬಗೆದಂತೆ ಎನ್ನುವುದು ಅವಳ ಲೆಕ್ಕ. ಆ ಕಾವಿನ ಪೆಟ್ಟಿಗೆಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಸ್ಪಂದನಳ ಎರಡು ಜೀವವನ್ನು ಮಡಿಲಲ್ಲಿ ಇಟ್ಟುಕೊಂಡಿವೆ. ಅವಕ್ಕೊಂದು ಹೂವಿನ ಎಸಳೂ ಇಲ್ಲವೇ?

ಲ್ಯಾಬಿನ ಹತ್ತಿರ ಊದುಬತ್ತಿ ಕೂಡದೆಂದು ಅವಳಿಗೆ ಚೆನ್ನಾಗಿ ಗೊತ್ತು. ಆ ನೇಮವನ್ನು ಅವಳು ಎಂದೂ ಮುರಿದವಳಲ್ಲ. ಆದರೆ ಮಾಳಿಗೆಯ ಮೇಲೆ ಲ್ಯಾಬಿಗೆ ಸೇರಿದ ದೊಡ್ಡದೊಂದು ಯಂತ್ರವಿತ್ತು. ಎಸಿ ಮಿಷನ್ನು ಎಂದು ಎಲ್ಲರೂ ಕರೆಯುತ್ತಿದ್ದರು. ಅದು ಒಳಗಲ್ಲ, ಆಕಾಶದ ಕೆಳಗೆ. ಅದಕ್ಕೆ ಮಾಡಿದ ಪೂಜೆ ಒಳಗಿನವಕ್ಕೂ ಸಲ್ಲುತ್ತದೆ ಎಂದುಕೊಂಡಳು.

"ಮಾಳಿಗಿ ಬಾಗಿಲು ತಗಿ ಮುನಿಯಣ್ಣ."

"ನಾನೇ ಹೇಳೋಣ ಅಂತಿದ್ದೆ ಕಣಮ್ಮ. ಪಾಪ, ಅದೊಂದೇ ಅನಾಥವಾಗಿ ನಿಂತಿದೆ."

ಇಬ್ಬರೂ ಮೇಲೆ ಹೋದರು. ಕುಂಕುಮ, ವಿಭೂತಿ, ಚೆಂಡುಹೂವಿನ ಹಾರ. ಗಾಳಿಗೆ ಕರ್ಪೂರ ಆರಿ ಆರಿ ಹೋಗುತ್ತಿತ್ತು. ಮುನಿಯಪ್ಪ ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದು ಧೂಪದ ಬಟ್ಟಲನ್ನು ಗಾಳಿ ಮರೆಯಾಗಲೆಂದು ಯಂತ್ರದ ಜಾಲರಿಯ ಬುಡದಲ್ಲೇ ಇಟ್ಟ. ಅತ್ತಿತ್ತ ಚೆದುರಬೇಕಾದ ಹೊಗೆ ನೆಟ್ಟಗೆ ಜಾಲರಿಯೊಳಗೆ ನುಗ್ಗಿತು.

"ನೋಡಮ್ಮ, ನೋಡಮ್ಮ! ಮಿಷನ್ನೇ ಧೂಪ ತಗೋತಾ ಇದೆ! ದೇವ್ರು ಸ್ವೀಕಾರ ಮಾಡ್ಬಿಟ್ಟ!"

ಕಲಾವತಿ ಎರಡೂ ಕೈ ಮುಗಿದಳು. ಸ್ಪಂದನಳ ಹೆಸರು ಹೇಳಿಕೊಂಡಳು.

ಕೆಳಗಿಳಿದು ಲ್ಯಾಬಿನ ಹೊರಗಿನ ಓಣಿ ಒರೆಸಲು ಬಕೆಟ್ ಇಟ್ಟಳು, ಅಷ್ಟೇ. ಮೇಲಿನ ಗಾಳಿಕಿಂಡಿಯಿಂದ ಮೂಗಿಗೆ ಸಾಂಬ್ರಾಣಿ ಬಡಿಯಿತು. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಆ ಯಂತ್ರ ಬರೀ ತಣ್ಣಗೆ ಮಾಡುವುದಲ್ಲ. ಹೊರಗಿನ ಗಾಳಿಯನ್ನು ಎಳೆದು ಒಳಗೆ ಕಳಿಸುವುದೂ ಅದೇ.

ಓಡಿ ಕೆಳಗೆ ಹೋಗಿ ಮುನಿಯಪ್ಪನಿಗೆ ಹೇಳಿದಳು. ಅವನು ಮಾಳಿಗೆಗೆ ಓಡಿ ಬಟ್ಟಲು ತೆಗೆದು, ಬೆವೆತುಕೊಂಡು ಬಂದ.

"ಸುಮ್ನಿರಮ್ಮ, ಯಾರಿಗ್ ಗೊತ್ತಾಗುತ್ತೆ? ಇವತ್ತು ರಜ. ಸಂಜೆ ಹೊತ್ತಿಗೆ ವಾಸನೆ ಹೋಗುತ್ತೆ. ಹೇಳುದ್ರೆ ನಿನ್ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

"ಕೆಲಸ ಹೋದ್ರ ಇನ್ನೊಂದು ಸಿಗತೈತಣ್ಣ. ಅವಳಿಗೆ ಉಳಿದಿದ್ದು ಎರಡ."

ಮೇಡಂ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಬಟ್ಟೆ ಬದಲಿಸಿ ಒಳಗೆ ಹೋಗುವುದರಲ್ಲಿದ್ದರು. ಕಲಾವತಿ ಬಾಗಿಲಲ್ಲಿ ನಿಂತು ಹೇಳಿದಳು, "ಮೇಡಮ್ಮಾರ, ನಾನೊಂದು ತಪ್ಪು ಮಾಡೀನಿ. ಮಾಳಿಗಿ ಮ್ಯಾಲ ಧೂಪ ಹಾಕೀನಿ. ಆ ಮಿಷನ್ನು ಒಳಗ ಎಳಕೊಂಡೈತಿ." ಮುನಿಯಪ್ಪನ ಹೆಸರೆತ್ತಲಿಲ್ಲ.

ಮೇಡಂ ಬೈಯಲಿಲ್ಲ. ಗೋಡೆಯ ಮೇಲಿನ ಸ್ವಿಚ್ಚು ಒತ್ತಿ ಗಾಳಿ ಬರುವುದನ್ನು ನಿಲ್ಲಿಸಿದರು, ಲ್ಯಾಬಿನೊಳಗೆ ವಾಸನೆ ಹೀರುವ ಬೇರೊಂದು ಯಂತ್ರ ಹಚ್ಚಿದರು, ಫಿಲ್ಟರು ಬದಲಿಸುವವನಿಗೆ ಫೋನು ಮಾಡಿದರು. ಆ ದಿನ ಕಾವಿನ ಪೆಟ್ಟಿಗೆಯ ಬಾಗಿಲು ತೆರೆಯುವುದೇ ಬೇಡವೆಂದು ಅದರ ಮೇಲೆ ಚೀಟಿ ಅಂಟಿಸಿದರು. ಗಂಟೆಯ ಮೇಲೆ ಬಂದು ನೋಡಿದರೆ ಕಲಾವತಿ ಮೆಟ್ಟಿಲ ಮೇಲೆ ಹಾಗೇ ಕೂತಿದ್ದಳು.

"ಬೈರಿ ಮೇಡಮ್ಮಾರ. ಬೈದ್ರರ ಹಗುರಾಗತೈತಿ."

"ಬೈಯೋ ಟೈಮಲ್ಲ ಇದು. ಕೇಳಿ. ಪೆಟ್ಟಿಗೆ ಮುಚ್ಚಿತ್ತು. ಅದರೊಳಗಿನ ಗಾಳಿ ಬೇರೆ, ಸಿಲಿಂಡರಿಂದ ಬರೋದು. ಭ್ರೂಣ ಕೂತಿರೋ ಹನಿ ಮೇಲೆ ಎಣ್ಣೆ ಮುಚ್ಚಿರ್ತೀವಿ. ಏನೂ ಆಗ್ದೇ ಇರಬಹುದು. ಆದ್ರೆ ಎಣ್ಣೆ ವಾಸನೆ ಹಿಡ್ಕೊಳುತ್ತೆ. ಏನೂ ಆಗಿಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ."

"ನೋಡಿದ್ರ ತಿಳಿಯಂಗಿಲ್ಲೇನ್ರೀ?"

"ನೋಡಿದ್ರೆ ತಿಳಿಯಲ್ಲ. ಐದನೇ ದಿನ ಆ ನೀರು ತೆಗೆದು ನೋಡೋಣ. ನಾಳೆ ಸ್ಪಂದನಾಗೆ ಹೇಳಬೇಕು. ನೀವೂ ಜೊತೆಗೆ ಇರ್ತೀರಾ?"

"ಇರದ ಎಲ್ಲಿ ಹೋಗ್ಲಿ?"

ಮಾರನೇ ದಿನ ವಿಜಯದಶಮಿ. ಗಂಡ ಹೆಂಡತಿ ಬಂದು ಕೂತರು. ಮೇಡಂ ನಡೆದದ್ದನ್ನು ನಡೆದ ಹಾಗೇ ಹೇಳಿ, ಹೊಣೆ ಲ್ಯಾಬಿನದು ಎಂದರು. ಕಲಾವತಿ ಗೋಡೆಗೆ ಒರಗಿ ನಿಂತಿದ್ದಳು. ಮೇಡಂ ಕಡೆ ತಿರುಗದೆ ಸ್ಪಂದನ ಕಲಾವತಿಯನ್ನೇ ನೋಡಿದಳು.

"ಎರಡೇ ಇರೋದು ಅಂತ ನಿಮಗೆ ಗೊತ್ತಿತ್ತಲ್ಲ ಆಂಟಿ."

"ಗೊತ್ತಿತ್ತವ್ವ."

"ಮತ್ತೆ ಯಾಕ್ ಹೋದ್ರಿ ಮೇಲೆ?"

ನಿನ್ನ ಸಲುವಾಗಿಯೇ ಹೋದೆ ಎಂದರೆ ಅವಳ ಮೇಲೇ ಹೊರೆ ಹೊರಿಸಿದಂತಾಗುತ್ತದೆ. ಕಲಾವತಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಜೀವನ್ ಕೆಮ್ಮಿ, ಹೆಂಡತಿಯ ಕೈ ಹಿಡಿದುಕೊಂಡ.

"ಸ್ಪಂದು, ನಿನ್ನೆ ನಾನೇನ್ ಮಾಡ್ದೆ ಹೇಳು? ಶಾಪಲ್ಲಿ ಅಷ್ಟೂ ಲೇಥಿಗೆ ಧೂಪ ಹಾಕಿ, ಎಕ್ಸಾಸ್ಟ್ ಫ್ಯಾನಿಗೂ ಹಾರ ಹಾಕ್ದೆ. ಅದು ತಿರುಗಿ ಹಾರ ಎಲ್ಲ ನಾಯಂಡಹಳ್ಳಿ ತುಂಬಾ ಚೆಲ್ಲಾಡ್ತು. ಇಲ್ಲಿ ಆ ಮಿಷನ್ ನೋಡಿದ್ರೆ ನಾನೂ ಅದನ್ನೇ ಮಾಡ್ತಿದ್ದೆ ಕಣೇ. ಆಂಟಿ ಬಂದು ಹೇಳುದ್ರಲ್ಲ. ಎಷ್ಟು ಜನ ಹೇಳ್ತಾರೆ?"

ಸ್ಪಂದನಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎದ್ದು ಹೊರಗೆ ಹೋದಳು. ಕಲಾವತಿಯ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ ಎಂದು ಕಲಾವತಿ ಬಕೆಟ್ ಎತ್ತಿಕೊಂಡಳು.

ಐದನೇ ದಿನ ಪೆಟ್ಟಿಗೆ ತೆರೆದರು. ಎರಡೂ ಭ್ರೂಣ ಬೆಳೆದಿದ್ದವು. ಮೈಕ್ರೋಸ್ಕೋಪಿನಲ್ಲಿ ಒಂದರ ಪಕ್ಕ ಇನ್ನೊಂದನ್ನಿಟ್ಟರೆ ಯಾವುದು ಯಾವುದೆಂದು ಹೇಳಲು ಆಗದಷ್ಟು ಒಂದೇ ರೂಪ. ಸ್ಪಂದನಳ ಹೊಟ್ಟೆಯ ಸ್ಥಿತಿಗೆ ಒಂದನ್ನೇ ಇಡಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಯಾವ ಒಂದು? ಮೇಡಂ ಎರಡೂ ಹನಿಗಳನ್ನು ಬೇರೆ ಬೇರೆ ಟ್ಯೂಬಿಗೆ ಎಳೆದು ಪರೀಕ್ಷೆಗೆ ಹಾಕಿದರು. ಆ ಎರಡು ಗಂಟೆ ಕಲಾವತಿ ಒರೆಸಿದ ನೆಲವನ್ನೇ ಮೂರು ಸಲ ಒರೆಸಿದಳು.

ಮೇಡಂ ಹೊರಗೆ ಬಂದಾಗ ಕೈಯಲ್ಲಿ ಕಾಗದವಿತ್ತು. ಡಾಕ್ಟರ ಕೋಣೆಗೆ ಹೋಗುವ ಮೊದಲು ಕಲಾವತಿಯ ಎದುರು ನಿಂತರು.

"ಒಂದು ಸಿಕ್ಕಾಪಟ್ಟೆ ತಿಂದಿದೆ ಅಮ್ಮ, ಹಾಗೇ ಸಿಕ್ಕಾಪಟ್ಟೆ ಹೊರಗೂ ಬಿಟ್ಟಿದೆ. ಇನ್ನೊಂದು ಹದವಾಗಿ ತಗೊಂಡಿದೆ, ಬಿಟ್ಟಿರೋದೂ ಕಡಿಮೆ."

"ಹೆಚ್ಚು ತಿಂದಿದ್ದು ಗಟ್ಟಿ ಅಂತೀರೇನು?"

"ನೀವೇನಂತೀರಿ?"

"ನಾನು ಓದಿದಾಕಿ ಅಲ್ಲ. ಆದ್ರ ನಮ್ಮ ಖಾನಾವಳ್ಯಾಗ ಗಬಗಬ ತಿಂದವರು ನಿಲ್ಲಲಿಲ್ರೀ. ಸಾವಕಾಶ ಉಂಡವರು ನಿಂತ್ರು."

ಮೇಡಂ ಕಾಗದದ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು. "ನಮ್ಮ ಕಡೆಯವರೂ ಕೆಲವರು ಹಾಗೇ ಅಂತಾರೆ. ಕಷ್ಟದಲ್ಲಿರೋದು ತನ್ನನ್ನ ತಾನು ರಿಪೇರಿ ಮಾಡ್ಕೊಳೋಕೆ ಹೆಚ್ಚು ತಿನ್ನುತ್ತಂತೆ. ಧೂಪದಿಂದ ಕಷ್ಟ ಬಂತೋ, ಅದು ಹುಟ್ಟಿದ್ದೇ ಹಾಗೋ, ಅದು ಈ ಕಾಗದದಲ್ಲಿ ಬರೆದಿಲ್ಲ. ಇದು ಸುಳಿವು ಅಷ್ಟೇ, ಜ್ಯೋತಿಷ್ಯ ಅಲ್ಲ. ಎಲ್ಲಾ ಒಂದೇ ಥರ ಕಂಡಾಗ ಒಂದು ಸುಳಿವು ಸಿಕ್ಕಿದ್ದೇ ದೊಡ್ಡದು."

ಡಾಕ್ಟರೂ ಮೇಡಮ್ಮೂ ಗಂಡ ಹೆಂಡತಿಯರೊಂದಿಗೆ ಮಾತಾಡಿ ಹದವಾಗಿ ಉಂಡದ್ದನ್ನೇ ಆರಿಸಿ ಸ್ಪಂದನಳ ಹೊಟ್ಟೆಯಲ್ಲಿಟ್ಟರು. ಇನ್ನೊಂದನ್ನು ಹಾಗೆಂದು ಬಿಸಾಡಲಿಲ್ಲ. ಶೀತದಲ್ಲಿ ಹೆಪ್ಪುಗಟ್ಟಿಸಿ, ಸ್ಪಂದನಳ ಹೆಸರು ಬರೆದು ಇಟ್ಟರು.

ಮುಂದಿನ ಹನ್ನೆರಡು ದಿನ ಕಲಾವತಿಗೆ ಅನ್ನ ಸೇರಲಿಲ್ಲ. ಕೆಲಸದಿಂದ ತೆಗೆಯಲಿಲ್ಲವಲ್ಲ ಎಂದು ಒಂದು ಕಡೆ ಕೃತಜ್ಞತೆ, ಆ ಹೆಣ್ಣಿಗೆ ಏನಾದರೂ ಆದರೆ ತಾನೇ ಬಿಟ್ಟುಹೋಗುವುದೆಂದು ಇನ್ನೊಂದು ಕಡೆ ನಿಶ್ಚಯ. ಆಸ್ಪತ್ರೆಯವರು ಮಾಳಿಗೆಯ ಯಂತ್ರದ ಸುತ್ತ ಬೇಲಿ ಹಾಕಿಸಿ, ಇದು ಯಾವ ಗಾಳಿ ಎಲ್ಲಿಗೆ ಕಳಿಸುತ್ತದೆಂದು ಕನ್ನಡದಲ್ಲಿ ಬೋರ್ಡು ಬರೆಸಿದರು. ಬರೆಯಬೇಕಾದ ಮಾತನ್ನು ಮೇಡಂ ಕಲಾವತಿಯಿಂದಲೇ ಹೇಳಿಸಿಕೊಂಡರು, ಯಾರು ಓದಿದರೂ ತಿಳಿಯುವ ಹಾಗಿರಲಿ ಎಂದು.

ಹದಿಮೂರನೇ ದಿನ ಮಧ್ಯಾಹ್ನ ಅವಳ ಫೋನು ಹೊಡೆದುಕೊಂಡಿತು.

"ಆಂಟಿ, ನಾನು ಸ್ಪಂದನ. ಬ್ಲಡ್ ರಿಪೋರ್ಟ್ ಬಂತು. ಇನ್ನೂರ ಹದಿನೆಂಟು."

"ಅದು ಚಲೋದೇನವ್ವ?"

"ಚಲೋದು ಆಂಟಿ! ನಿಂತಿದೆ ಅಂತ. ಆದ್ರೆ ನಾಡಿದ್ದು ಇನ್ನೊಂದ್ ಸಲ ನೋಡ್ಬೇಕು. ಡಬಲ್ ಆಗಿರ್ಬೇಕಂತೆ. ಹಿಂದಿನ್ ಎರಡು ಸಲ ಇಲ್ಲೀವರೆಗೂ ಬಂದಿರ್ಲಿಲ್ಲ. ಅವತ್ತು ನಿಮ್ಮತ್ರ ಮಾತಾಡ್ದೆ ಹೋದೆ. ಮನಸ್ಸಲ್ಲಿಟ್ಕೋಬೇಡಿ."

"ನಿನಗ ಮಾತಾಡು ಅನ್ನಾಕ ನಂಗ ಬಾಯಿ ಎಲ್ಲಿತ್ತು ತಂಗಿ? ಈಗ ಮಾತಾಡ್ದೆಲ್ಲ, ಅಷ್ಟ ಸಾಕು."

ಎರಡು ದಿನ ಕಳೆದು ಬಂದ ಅಂಕಿ ನಾನೂರ ಅರವತ್ತು. ಮೇಡಂ ತಾವೇ ಮೆಟ್ಟಿಲಿಳಿದು ಬಂದು ಹೇಳಿದರು. ಕಲಾವತಿ ಪೊರಕೆಯನ್ನು ಗೋಡೆಗಾನಿಸಿ ಮೇಡಂ ಕೈಗಳೆರಡನ್ನೂ ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡಳು.

ಗೇಟಿನಲ್ಲಿ ಕೂತಿದ್ದ ಮುನಿಯಪ್ಪನಿಗೂ ಸುದ್ದಿ ಹೋಯಿತು. ಹಬ್ಬದ ದಿನದಿಂದ ಕಲಾವತಿಯ ಮುಖ ತಪ್ಪಿಸಿ ಓಡಾಡುತ್ತಿದ್ದ ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಮೇಡಂ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು. ಓಣಿಯಲ್ಲಿದ್ದ ಕಲಾವತಿಗೆ ಎಲ್ಲ ಕೇಳಿಸಿತು.

"ಮೇಡಂ, ಧೂಪದ ಬಟ್ಲು ಅಲ್ಲಿಟ್ಟೋನು ನಾನು. ಕಲಾವತಮ್ಮ ಒಬ್ರೇ ತಲೆ ಮೇಲ್ ಹಾಕ್ಕೊಂಡ್ರು."

"ಗೊತ್ತು ಮುನಿಯಪ್ಪ."

"ಹೆಂಗ್ ಮೇಡಂ?"

"ಮಾಳಿಗೆ ಮೇಲೆ ಕ್ಯಾಮೆರಾ ಇದೆ. ಅದನ್ನ ದಿನಾ ಕೂತು ನೋಡೋದು ನಿಮ್ದೇ ಕೆಲಸ."

"ಸುಮ್ನಿರು ಅಂತ ಅವ್ರಿಗೆ ಹೇಳ್ದೋನೂ ನಾನೇ ಮೇಡಂ," ಎಂದ ಮುನಿಯಪ್ಪ. ಆಮೇಲೆ ಮೇಡಂ ದನಿ ಏರಿತು. ಅಂದು ಕಲಾವತಿ ಬಂದು ಹೇಳದೆ ಇದ್ದಿದ್ದರೆ ಆ ಯಂತ್ರ ಸಂಜೆಯ ತನಕ ಓಡುತ್ತಿತ್ತು, ತಾನೂ ಎಂದಿನಂತೆ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದೆ, ಬಾಯಿ ಮುಚ್ಚಿಕೊಂಡಿರು ಎಂದು ಬುದ್ಧಿ ಹೇಳುವವರಿಗೆ ಏನನ್ನಬೇಕು ಎಂದು ಹತ್ತು ನಿಮಿಷ ಸರಿಯಾಗಿ ಬೈದರು.

ಮುನಿಯಪ್ಪ ಹೊರಗೆ ಬಂದ. ಟೋಪಿ ಹಾಕಿಕೊಂಡು, ಕಲಾವತಿಯ ಕೈಯಿಂದ ತುಂಬಿದ ಬಕೆಟ್ ತಾನೇ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದ.

"ಬೈಸ್ಕೊಂಡ್ ಬಂದೆ ಕಣಮ್ಮ," ಎಂದ. "ಹೊಟ್ಟೆ ತಣ್ಣಗಾಯ್ತು."